ಮನೆಯ ಬೀಗದಕೈ ಮತ್ತು ಕಾಲಯಂತ್ರದ ಸದ್ದು

ಕಾಲಯಾನದ ಕತೆ ಹೇಳುವ ಬಿಬಿಸಿಯ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ವಿನ ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮರುದಿನ. ಆ ಗದ್ದಲದಲ್ಲಿ ಕಂತು ಎಷ್ಟೋ ಮಂದಿಗೆ ತಪ್ಪಿಹೋಯಿತು. ಹಾಗಾಗಿ ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಅದನ್ನೇ ಮತ್ತೊಮ್ಮೆ ತೋರಿಸಿದರು. ಅದರ ಶೀರ್ಷಿಕೆ ಸಂಗೀತ ಕೇಳಿದವರಿಗೆ ಇದು ಯಾವ ವಾದ್ಯ ಎಂದು ಗೊತ್ತಾಗುವುದಿಲ್ಲ. ಈಗಿನವರು ವಿದ್ಯುನ್ಮಾನ ವಾದ್ಯವಾದ ಸಿಂಥಸೈಜರ್ ಇರಬೇಕು ಅಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ಕೊಳ್ಳಬಹುದಾದ ಸಿಂಥಸೈಜರ್ ಆಗ ಇರಲೇ ಇಲ್ಲ.

ಇದ್ದದ್ದು ಲಂಡನ್ನಿನ ಮೇಡಾ ವೇಲ್ ಸ್ಟುಡಿಯೋದಲ್ಲಿ 1958ರಿಂದ ನಡೆಯುತ್ತಿದ್ದ ರೇಡಿಯೊಫೋನಿಕ್ ವರ್ಕ್‌ಶಾಪ್, ಕಾರ್ಯಕ್ರಮಗಳಿಗೆ ಬೇಕಾದ ಸದ್ದುಗಳನ್ನು ತಯಾರಿಸುವ ಬಿಬಿಸಿಯ ವಿಭಾಗ. ಉಪಕರಣ ಸರಿಯಿದೆಯೇ ಎಂದು ಪರೀಕ್ಷಿಸಲು ಒಂದೇ ಸಮನೆ ಸ್ವರ ಹೊರಡಿಸುವ ಆಸಿಲೇಟರುಗಳು, ಟೇಪ್ ರೆಕಾರ್ಡರುಗಳು, ಬ್ಲೇಡು, ಅಂಟುಪಟ್ಟಿ ಅಲ್ಲಿನ ವಾದ್ಯಗಳು. ರಾಗ ಹಾಕಿದವರು ರಾನ್ ಗ್ರೇನರ್. ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದ್ದ ಡೀಲಿಯಾ ಡರ್ಬಿಶೈರ್, ಡಿಕ್ ಮಿಲ್ಸ್ ಜೊತೆ ಸೇರಿ ಅದನ್ನು ಸದ್ದಾಗಿಸಿದರು.

ಮಂದ್ರದ ಆ ‘ಡುಂ-ಡ-ಡುಂ’ ಮೂಲದಲ್ಲಿ ಒಂದೇ ತಂತಿಯ ಮೀಟು. ಅದನ್ನು ರೆಕಾರ್ಡ್ ಮಾಡಿ, ಟೇಪಿನ ವೇಗ ಬದಲಿಸುತ್ತ ಬೇಕಾದ ಸ್ವರಗಳನ್ನೆಲ್ಲ ಪಡೆದರು. ವೇಗ ಇಮ್ಮಡಿಯಾದರೆ ಷಡ್ಜ ತಾರ ಷಡ್ಜವಾಗುತ್ತದೆ. ಅರ್ಧ ಸ್ವರ ಏರಿಸಲು ಸುಮಾರು ಶೇ. 6ರಷ್ಟು ಹೆಚ್ಚಿಸಿದರೆ ಸಾಕು. ತೊಡಕಿರುವುದು ಕಾಲದಲ್ಲಿ. ಶ್ರುತಿ ಏರಿದಷ್ಟೂ ಸ್ವರ ಗಿಡ್ಡವಾಗುತ್ತದೆ. ಆದ್ದರಿಂದ ಪ್ರತಿ ಸ್ವರವನ್ನೂ ಬೇರೆ ಟೇಪಿಗೆ ಇಳಿಸಿಕೊಂಡು, ಅಳತೆಪಟ್ಟಿ ಹಿಡಿದು ಕತ್ತರಿಸಿ, ಒಂದಕ್ಕೊಂದು ಅಂಟಿಸಬೇಕು. ಸ್ಟುಡಿಯೋ ಟೇಪು ಸೆಕೆಂಡಿಗೆ 15 ಇಂಚು ಓಡುವಾಗ ಅರ್ಧ ಸೆಕೆಂಡಿನ ಸ್ವರಕ್ಕೆ ಏಳೂವರೆ ಇಂಚು. ಇಲ್ಲಿ ಲಯವೆಂದರೆ ಉದ್ದ, ಅಷ್ಟೇ.

ಕತ್ತರಿಸುವುದೂ ಓರೆಯಾಗಿಯೇ, ಸಾಮಾನ್ಯವಾಗಿ 45 ಡಿಗ್ರಿಯಲ್ಲಿ. ನೇರ ಕತ್ತರಿಸಿದರೆ ಒಂದು ಸದ್ದು ಥಟ್ಟನೆ ನಿಂತು ಇನ್ನೊಂದು ಥಟ್ಟನೆ ಶುರುವಾಗಿ ನಡುವೆ ‘ಟಿಕ್’ ಎನ್ನುತ್ತದೆ. ಕಾಲು ಇಂಚು ಅಗಲದ ಟೇಪಿನಲ್ಲಿ ಓರೆಗೀಟು ಆ ಬದಲಾವಣೆಯನ್ನು ಸೆಕೆಂಡಿನ 60ನೇ ಒಂದು ಭಾಗದಷ್ಟು ಹೊತ್ತು ಹರಡುತ್ತದೆ, ಕಿವಿಗೆ ಬೆಸುಗೆ ಸಿಗುವುದಿಲ್ಲ. ಬ್ಲೇಡಿಗೆ ಅಯಸ್ಕಾಂತ ಗುಣ ಬಂದುಬಿಟ್ಟಿದ್ದರೆ ಮಾತ್ರ ಎಷ್ಟು ಓರೆಯಾಗಿ ಕತ್ತರಿಸಿದರೂ ‘ಟಿಕ್’ ತಪ್ಪದು. ಕತ್ತರಿಸಿದ ಜಾಗದಲ್ಲಿ ಬ್ಲೇಡೇ ತನ್ನ ಗುರುತನ್ನು ಟೇಪಿನ ಮೇಲೆ ಬರೆದಿರುತ್ತದೆ.

ಹೀಗೆ ಮಂದ್ರ, ರಾಗ, ಬುಸುಗುಟ್ಟುವ ಸದ್ದು ಎಲ್ಲವೂ ಬೇರೆ ಬೇರೆ ಟೇಪುಗಳಾದವು. ಹಲವು ಟ್ರ್ಯಾಕುಗಳ ರೆಕಾರ್ಡರ್ ಇಲ್ಲದ್ದರಿಂದ ಯಂತ್ರಗಳನ್ನೆಲ್ಲ ಒಟ್ಟಿಗೇ ಚಾಲೂ ಮಾಡಿ ಬೆರೆಸಬೇಕಿತ್ತು. ಎಲ್ಲೋ ಒಂದು ಸ್ವರ ತಪ್ಪಿದೆ ಅನ್ನಿಸಿದಾಗ, ಟೇಪುಗಳನ್ನು ಬಿಚ್ಚಿ ಉದ್ದನೆಯ ಮೊಗಸಾಲೆಯಲ್ಲಿ ಅಕ್ಕಪಕ್ಕ ಹಾಸಿ, ಬೆಸುಗೆಗಳು ಎದುರುಬದುರು ಬರುತ್ತವೆಯೇ ಎಂದು ನೋಡುತ್ತ ನಡೆದರಂತೆ. ಕಿವಿಗೆ ಸಿಗದ ತಪ್ಪು ಕಣ್ಣಿಗೆ ಸಿಕ್ಕಿತು. ಈ ಇಡೀ ಧಾರಾವಾಹಿಯ ಕತೆಗಳಿಗಿಂತ ನನಗೆ ಈ ಮೊಗಸಾಲೆಯೇ ಹೆಚ್ಚು ಇಷ್ಟ.

ಗ್ರೇನರ್ ಕೇಳಿ ಬೆರಗಾಗಿ, ಡರ್ಬಿಶೈರ್‌ಗೂ ಸಂಯೋಜಕಿಯ ಮನ್ನಣೆ ಸಿಗಲಿ ಎಂದರು. ವರ್ಕ್‌ಶಾಪಿನವರ ಹೆಸರು ಹಾಕುವ ಪದ್ಧತಿ ಬಿಬಿಸಿಯಲ್ಲಿರಲಿಲ್ಲ. ಡರ್ಬಿಶೈರ್ ತೀರಿಕೊಂಡದ್ದು 2001ರಲ್ಲಿ. ಅವರ ಹೆಸರು ಧಾರಾವಾಹಿಯ ಪರದೆಯ ಮೇಲೆ ಬಂದದ್ದು 2013ರ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ.

ಕಾಲಯಂತ್ರ ಟಾರ್ಡಿಸ್ ಹೊರಡುವ ಸದ್ದು ಬ್ರಯನ್ ಹಾಜ್ಸನ್ ಅವರದು. ಅಮ್ಮನ ಮನೆಯ ಮುಂಬಾಗಿಲ ಬೀಗದಕೈಯನ್ನು ಹಳೆಯ ಪಿಯಾನೋದ ಮಂದ್ರ ತಂತಿಯ ಉದ್ದಕ್ಕೂ ಉಜ್ಜಿದರು. ಪಿಯಾನೋದ ಮಂದ್ರ ತಂತಿಗಳ ಮೇಲೆ ಇನ್ನೊಂದು ತಂತಿ ಸುತ್ತಿರುತ್ತದೆ. ಬೀಗದಕೈ ಆ ಸುತ್ತುಗಳ ಮೇಲೆ ಹಾಯುವುದರಿಂದಲೇ ಆ ಕರಕರ. ಆಮೇಲೆ ವೇಗ ಬದಲಿಸಿದರು, ಹಿಂದುಮುಂದು ಮಾಡಿದರು, ಮಾರ್ದನಿ ಸೇರಿಸಿದರು. ಟೇಪಿನ ಮಾರ್ದನಿಯ ಲೆಕ್ಕ ಸರಳ: ಬರೆಯುವ ಹೆಡ್ಡಿಗೂ ಓದುವ ಹೆಡ್ಡಿಗೂ 2 ಇಂಚು ಅಂತರವಿದ್ದು ಟೇಪು ಸೆಕೆಂಡಿಗೆ 15 ಇಂಚು ಓಡಿದರೆ ಸದ್ದು 0.13 ಸೆಕೆಂಡು ತಡವಾಗಿ ಮರಳುತ್ತದೆ. ಮರಳಿದ್ದನ್ನು ಮತ್ತೆ ಒಳಕ್ಕೆ ಬಿಡಬೇಕು, ಆದರೆ ಪ್ರತಿ ಸುತ್ತಿಗೂ ತುಸು ತಗ್ಗಿಸಿಯೇ ಬಿಡಬೇಕು. ತಗ್ಗದಿದ್ದರೆ ಬೆಳೆದೂ ಬೆಳೆದೂ ಕೊನೆಗೆ ಬರೀ ಊಳು. ಆಗಿನ ಶೀರ್ಷಿಕೆಯಲ್ಲಿ ಹರಿಯುತ್ತಿದ್ದ ಬೆಳಕಿನ ಮೋಡಗಳೂ ಇದೇ ತತ್ವದವು: ಕ್ಯಾಮೆರಾವನ್ನು ಅದರದೇ ಚಿತ್ರ ಕಾಣುವ ಮಾನಿಟರಿನತ್ತ ತಿರುಗಿಸಿ ಪಡೆದವು.

ಧಾರಾವಾಹಿಯ ಲೋಹಕವಚದ ಖಳರಾದ ಡಾಲೆಕ್‌ಗಳ ದನಿ ಮಾತ್ರ ಮನೆಯಲ್ಲೇ ಮಾಡಿ ನೋಡಬಹುದು. ಅದು ರಿಂಗ್ ಮಾಡ್ಯುಲೇಟರ್ ಕೆಲಸ: ನಟನ ದನಿಯನ್ನು ಸುಮಾರು 30 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 30 ಸಲ ಕಂಪಿಸುವ ಅಲೆಯಿಂದ ಗುಣಿಸುವುದು. ದನಿಯಲ್ಲಿ 200 ಹರ್ಟ್ಸ್ ಇದ್ದರೆ ಹೊರಬರುವುದು 170 ಮತ್ತು 230. 400 ಇದ್ದರೆ 370 ಮತ್ತು 430. ಮೂಲದಲ್ಲಿ ಒಂದು ಇನ್ನೊಂದರ ಸರಿಯಾಗಿ ಎರಡರಷ್ಟಿತ್ತು. ಗುಣಿಸಿದ ಮೇಲೆ ಆ ನಂಟು ಹರಿದು, ದನಿಗೆ ಲೋಹದ ಕರ್ಕಶ ಬರುತ್ತದೆ. ಜೊತೆಗೆ ದನಿ ಸೆಕೆಂಡಿಗೆ 60 ಸಲ ಸೊನ್ನೆಗಿಳಿಯುತ್ತದೆ, ಆ ಗದಗದ ಅದರದು.

ಉಚಿತ ಆಡಿಯೊ ತಂತ್ರಾಂಶದಲ್ಲಿ ಒಂದು ಟ್ರ್ಯಾಕಿಗೆ ಮಾತು, ಇನ್ನೊಂದಕ್ಕೆ 30 ಹರ್ಟ್ಸ್ ಅಲೆ ಹಾಕಿ ಎರಡನ್ನೂ ಸುಮ್ಮನೆ ಬೆರೆಸಿದರೆ ಮಾತಿನ ಹಿಂದೆ ಒಂದು ಗುಂಯ್ ಸೇರುತ್ತದೆ ಅಷ್ಟೇ; ಅದು ಕೂಡಿಸಿದ್ದು. ಬೇಕಿರುವುದು ಗುಣಾಕಾರ, ಅದಕ್ಕೆಂದೇ ಇರುವ ರಿಂಗ್ ಮಾಡ್ಯುಲೇಷನ್ ಆಯ್ಕೆಯನ್ನು ಬಳಸಬೇಕು. ಫೋನಿನ ಸ್ಪೀಕರು 30 ಹರ್ಟ್ಸ್ ನುಡಿಸಲಾರದು, ಆದರೂ ಚಿಂತೆಯಿಲ್ಲ, ಸರಿಯಾಗಿ ಗುಣಿಸಿದಾಗ ಆ 30 ಹರ್ಟ್ಸ್ ಹೊರಗೆ ಬರುವುದೇ ಇಲ್ಲ. ಅಲೆಯನ್ನು 300ಕ್ಕೆ ಏರಿಸಿದರೆ ಗಂಟೆ ಬಡಿದಂತಾಗಿ ಮಾತು ಅರ್ಥವಾಗುವುದು ಕಷ್ಟ. 30ರಲ್ಲೂ ವ್ಯಂಜನಗಳು ಮಸುಕಾಗುತ್ತವೆ. ಅವಸರದ ಮಾತು ಇಲ್ಲಿ ಕೆಡುತ್ತದೆ. ಒಂದೇ ಶ್ರುತಿಯಲ್ಲಿ, ಒಂದೊಂದು ಅಕ್ಷರವನ್ನೂ ಎಳೆದು, ಗಟ್ಟಿಯಾಗಿ ಹೇಳಬೇಕು.