ಸರ್ವಾಧಿಕಾರಿಯನ್ನು ಅವನ ಸೈನ್ಯವೇ ಏಕೆ ಕೆಳಗಿಳಿಸುವುದಿಲ್ಲ?

ಓದುಗರ ಪ್ರಶ್ನೆ: ದೇಶದ ಬಹುಪಾಲು ಜನ ದ್ವೇಷಿಸುವ, ತನ್ನವರನ್ನೇ ಕೊಲ್ಲಿಸಲು ಹೇಸದ ಸರ್ವಾಧಿಕಾರಿಯೂ ಇಪ್ಪತ್ತು, ಮೂವತ್ತು ವರ್ಷ ನಿಶ್ಚಿಂತೆಯಿಂದ ಆಳುತ್ತಾನೆ. ಆದರೆ ಬಂದೂಕು ಇರುವುದು ಅವನ ಕೈಯಲ್ಲಲ್ಲ, ಸೈನಿಕರ ಕೈಯಲ್ಲಿ. ಅವರೇ ಏಕೆ ಅವನನ್ನು ಕಿತ್ತೊಗೆಯುವುದಿಲ್ಲ?

ಕಿತ್ತೊಗೆದ ಉದಾಹರಣೆಗಳಿಗೇನೂ ಬರವಿಲ್ಲ. ಇರಾಕನ್ನೇ ನೋಡಿ. 1958ರ ಜುಲೈನಲ್ಲಿ ಸೇನಾಧಿಕಾರಿಗಳು ಅರಸನನ್ನು ಕೊಂದು ಗಣರಾಜ್ಯವನ್ನು ಘೋಷಿಸಿದರು. ಆಗ ಅಧಿಕಾರಕ್ಕೆ ಬಂದ ಅಬ್ದುಲ್ ಕರೀಂ ಕಾಸಿಂನನ್ನು 1963ರ ಫೆಬ್ರವರಿಯಲ್ಲಿ ಬಾಥ್ ಪಕ್ಷದವರೂ ಅವರ ಜೊತೆಗಿದ್ದ ಅಧಿಕಾರಿಗಳೂ ಸೇರಿ ಗುಂಡಿಕ್ಕಿ ಕೊಂದು, ಹೆಣವನ್ನು ಟೆಲಿವಿಷನ್ನಿನಲ್ಲಿ ತೋರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಬಾಥ್ ಪಕ್ಷದವರನ್ನು ಹೊರದಬ್ಬಲಾಯಿತು. 1968ರ ಜುಲೈನಲ್ಲಿ ಅವರೇ ಮರಳಿ ಬಂದು ಗದ್ದುಗೆ ಹಿಡಿದರು. ಹತ್ತು ವರ್ಷಗಳಲ್ಲಿ ನಾಲ್ಕು ಕ್ಷಿಪ್ರಕ್ರಾಂತಿಗಳನ್ನು ಕಂಡ ಆ ದೇಶದಲ್ಲಿ, ಅಲ್ಲಿಂದ ಮುಂದೆ 2003ರವರೆಗೆ ಒಂದೂ ಗೆಲ್ಲಲಿಲ್ಲ. ಸೈನಿಕರ ಸ್ವಭಾವವೇನೂ ರಾತ್ರೋರಾತ್ರಿ ಬದಲಾಗಿರಲಾರದು. ಬದಲಾದದ್ದು ಅವರನ್ನು ಕೂಡಿಹಾಕಿದ್ದ ವ್ಯವಸ್ಥೆ. ಅದನ್ನು ಕಟ್ಟಿದವನು 1959ರಲ್ಲಿ ಕಾಸಿಂನ ಹತ್ಯೆಗೆ ಯತ್ನಿಸಿದ ತಂಡದಲ್ಲಿದ್ದು, ದೇಶ ಬಿಟ್ಟು ಓಡಿಹೋಗಿದ್ದ ಬಾಥ್ ಪಕ್ಷದ ಸದ್ದಾಂ ಹುಸೇನ್. ಪಿತೂರಿ ಹೇಗೆ ಹುಟ್ಟುತ್ತದೆ ಎಂಬುದನ್ನು ಆತ ಒಳಗಿನಿಂದಲೇ ಬಲ್ಲವನಾಗಿದ್ದ.

ಪಿತೂರಿ ಹುಟ್ಟಬೇಕಾದರೆ ಕನಿಷ್ಠ ಇಬ್ಬರು ಪರಸ್ಪರ ನಂಬಬೇಕು. ಒಬ್ಬ ಅಧಿಕಾರಿ ಮನಸ್ಸಿನಲ್ಲಿ ಎಷ್ಟೇ ಕುದಿಯುತ್ತಿದ್ದರೂ, ಪಕ್ಕದವನೊಡನೆ ಬಾಯಿ ಬಿಡಲಾರನಾದರೆ ಆ ಸಿಟ್ಟಿಗೆ ಬೆಲೆಯಿಲ್ಲ. ನನ್ನ ಮಟ್ಟಿಗೆ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ. ಸರ್ವಾಧಿಕಾರಿಯನ್ನು ಜನ ದ್ವೇಷಿಸುತ್ತಾರೋ ಪ್ರೀತಿಸುತ್ತಾರೋ ಎಂಬುದು ಎರಡನೆಯ ಮಾತು. ಅವನ ಸುತ್ತಲಿನ ನೂರಾರು ಮಂದಿ ಒಬ್ಬರನ್ನೊಬ್ಬರು ನಂಬದಂತೆ ನೋಡಿಕೊಳ್ಳುವುದು ಮೊದಲನೆಯದು.

1979ರ ಜುಲೈ 16ರಂದು ಸದ್ದಾಂ ಅಧ್ಯಕ್ಷನಾದ. ವಾರದೊಳಗೆ, ಜುಲೈ 22ರಂದು, ಬಾಗ್ದಾದಿನ ಸಭಾಂಗಣವೊಂದರಲ್ಲಿ ಬಾಥ್ ಪಕ್ಷದ ಪ್ರಮುಖರ ಸಭೆ ನಡೆಯಿತು. ಅದರ ಚಿತ್ರೀಕರಣ ಇಂದಿಗೂ ಲಭ್ಯವಿದೆ. ಮೊದಲು ಮುಹಿ ಅಬ್ದುಲ್ ಹುಸೇನ್ ಮಶ್ಹದಿ ಎಂಬ ಹಿರಿಯ ನಾಯಕನನ್ನು ಕರೆತಂದು, ಸಿರಿಯಾದೊಡನೆ ಸೇರಿ ಪಿತೂರಿ ನಡೆಸಿದ್ದಾಗಿ ತಪ್ಪೊಪ್ಪಿಗೆ ಹೇಳಿಸಲಾಗುತ್ತದೆ. ಬಳಿಕ ಹೆಸರುಗಳ ಪಟ್ಟಿಯನ್ನು ಓದಲಾಗುತ್ತದೆ. ಹೆಸರು ಬಂದವನು ಎದ್ದು ನಿಲ್ಲಬೇಕು. ಕಾವಲಿನವರು ಅವನನ್ನು ಹೊರಗೆ ಕರೆದೊಯ್ಯುತ್ತಾರೆ. ಸದ್ದಾಂ ಸಿಗಾರ್ ಸೇದುತ್ತ, ನಡುನಡುವೆ ಕಣ್ಣೊರೆಸಿಕೊಳ್ಳುತ್ತ ಕುಳಿತಿರುತ್ತಾನೆ. ಪಟ್ಟಿ ಮುಂದುವರಿದಂತೆ, ಇನ್ನೂ ಹೆಸರು ಬಾರದವರು ತಾವಾಗಿಯೇ ಎದ್ದು ನಾಯಕನಿಗೆ ಜಯಕಾರ ಹಾಕತೊಡಗುತ್ತಾರೆ. ಹೀಗೆ 68 ಮಂದಿಯನ್ನು ಒಯ್ದು, ಅವರಲ್ಲಿ 22 ಮಂದಿಗೆ ಮರಣದಂಡನೆ ವಿಧಿಸಲಾಯಿತು.

ಇಷ್ಟಾಗಿದ್ದರೆ ಅದು ಕ್ರೌರ್ಯವಷ್ಟೇ ಆಗುತ್ತಿತ್ತು. ಲೆಕ್ಕಾಚಾರವಿರುವುದು ಮುಂದಿನ ಹೆಜ್ಜೆಯಲ್ಲಿ: ಗುಂಡು ಹಾರಿಸುವ ಕೆಲಸವನ್ನು ವೃತ್ತಿಪರ ಕೊಲೆಗಾರರಿಗೆ ಬಿಡದೆ, ಉಳಿದ ಪಕ್ಷದ ನಾಯಕರ ಕೈಗೇ ಬಂದೂಕು ಕೊಟ್ಟು ಮಾಡಿಸಲಾಯಿತು. ನಿನ್ನೆಯ ಗೆಳೆಯನನ್ನು ಕೊಂದವನು ನಾಳೆ ಸದ್ದಾಂ ಬಿದ್ದರೆ ತಾನೂ ಉಳಿಯುವುದಿಲ್ಲವೆಂದು ತಿಳಿದೇ ಮನೆಗೆ ಹೋದ. ಪಾಪದಲ್ಲಿ ಪಾಲು ಕೊಡುವುದು ಹಣದಲ್ಲಿ ಪಾಲು ಕೊಡುವುದಕ್ಕಿಂತ ಗಟ್ಟಿಯಾದ ಕಟ್ಟು. ಸಭೆಯ ಚಿತ್ರೀಕರಣವನ್ನು ಬಚ್ಚಿಡದೆ ಪ್ರತಿಗಳನ್ನು ಹಂಚಿದ್ದಕ್ಕೂ ಇದೇ ಕಾರಣವಿರಬೇಕು.

ಇನ್ನು ಸೈನ್ಯದ ವಿಚಾರ. ಸಾಮಾನ್ಯ ಸೈನ್ಯವನ್ನು ರಾಜಧಾನಿಯಿಂದ ದೂರವಿಟ್ಟು, ಅದಕ್ಕಿಂತ ಒಳ್ಳೆಯ ಸಂಬಳ, ಸಲಕರಣೆಗಳಿದ್ದ ರಿಪಬ್ಲಿಕನ್ ಗಾರ್ಡ್ ಪಡೆಯನ್ನು ಬಾಗ್ದಾದಿನ ಸುತ್ತ ನಿಲ್ಲಿಸಲಾಯಿತು. 1990ರ ದಶಕದಲ್ಲಿ ಆ ಗಾರ್ಡ್ ಪಡೆಯ ಮೇಲೂ ನಂಬಿಕೆ ಸಾಲದೆ, ನಗರದೊಳಗಿನ ಕಾವಲನ್ನು ಸ್ಪೆಷಲ್ ರಿಪಬ್ಲಿಕನ್ ಗಾರ್ಡ್ ಎಂಬ ಇನ್ನೊಂದು ಪಡೆಗೆ ವಹಿಸಲಾಯಿತು. ಪಕ್ಷದ ಸಶಸ್ತ್ರ ದಳ ಬೇರೆಯೇ ಇತ್ತು. ಗುಪ್ತಚರ ಸಂಸ್ಥೆಗಳೂ ಹಲವು: ಒಂದು ಜನರನ್ನು ನೋಡುತ್ತಿತ್ತು, ಒಂದು ಸೈನ್ಯವನ್ನು, ಮತ್ತೊಂದು ಉಳಿದ ಗುಪ್ತಚರರನ್ನು. ಆಯಕಟ್ಟಿನ ಸ್ಥಾನಗಳಲ್ಲಿ ತಿಕ್ರಿತ್ ಊರಿನವರು, ಅದರಲ್ಲೂ ಸದ್ದಾಂನ ಬುಡಕಟ್ಟಿನವರೇ ತುಂಬಿದ್ದರು. ಎಷ್ಟರಮಟ್ಟಿಗೆಂದರೆ, 1970ರ ದಶಕದಲ್ಲಿ ಗಣ್ಯರು ಊರು ಅಥವಾ ಬುಡಕಟ್ಟನ್ನು ಸೂಚಿಸುವ ಹೆಸರುಗಳನ್ನು ಬಳಸುವುದನ್ನೇ ನಿಷೇಧಿಸಲಾಯಿತು. ಇಲ್ಲದಿದ್ದರೆ ಸರ್ಕಾರಿ ಪಟ್ಟಿಗಳಲ್ಲಿ ಎಲ್ಲೆಲ್ಲೂ 'ಅಲ್ ತಿಕ್ರಿತಿ' ಎಂದೇ ಕಾಣುತ್ತಿತ್ತು.

ರಕ್ತಸಂಬಂಧವೂ ಕೊನೆಯವರೆಗೆ ಕಾಯುತ್ತಿರಲಿಲ್ಲ. ಇರಾನ್ ಯುದ್ಧದಲ್ಲಿ ಹೆಸರು ಮಾಡಿದ ಜನರಲ್ ಮಾಹೆರ್ ಅಬ್ದುಲ್ ರಶೀದ್, ಸದ್ದಾಂನ ಮಗ ಕುಸೈಗೆ ಹೆಣ್ಣು ಕೊಟ್ಟ ಬೀಗ. ಆದರೂ ಯುದ್ಧ ಮುಗಿದೊಡನೆ ಮೂಲೆಗುಂಪಾದ. ಅಳಿಯ ಹುಸೇನ್ ಕಾಮೆಲ್ 1995ರ ಆಗಸ್ಟಿನಲ್ಲಿ ಜೋರ್ಡಾನಿಗೆ ಓಡಿಹೋಗಿ, ಕ್ಷಮಾದಾನದ ಮಾತು ನಂಬಿ 1996ರ ಫೆಬ್ರವರಿಯಲ್ಲಿ ಮರಳಿ ಬಂದು, ಕೆಲವೇ ದಿನಗಳಲ್ಲಿ ಹೆಣವಾದ.

ಈ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಎದುರಾದದ್ದು 1991ರ ಮಾರ್ಚಿನಲ್ಲಿ. ಕುವೈತಿನಿಂದ ಸೋತು ಮರಳಿದ ಸೈನಿಕರು ಬಸ್ರಾದಲ್ಲಿ ದಂಗೆ ಎದ್ದರು. ಕೆಲವೇ ದಿನಗಳಲ್ಲಿ 18 ಪ್ರಾಂತ್ಯಗಳಲ್ಲಿ 14 ಸರ್ಕಾರದ ಕೈತಪ್ಪಿದವು. ಸದ್ದಾಂನನ್ನು ಕೆಳಗಿಳಿಸುವಂತೆ ಇರಾಕಿನ ಸೈನ್ಯಕ್ಕೂ ಜನರಿಗೂ ಕರೆಕೊಟ್ಟಿದ್ದ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ದಂಗೆಕೋರರ ನೆರವಿಗೆ ಸೈನ್ಯ ಕಳಿಸಲಿಲ್ಲ. ಕದನವಿರಾಮದ ಮಾತುಕತೆಯಲ್ಲಿ ಇರಾಕಿಗೆ ಹೆಲಿಕಾಪ್ಟರ್ ಹಾರಿಸಲು ಸಿಕ್ಕ ಅನುಮತಿ ದಂಗೆಯನ್ನು ಹೊಸಕಲು ಒದಗಿಬಂತು. ಆದರೂ ರಿಪಬ್ಲಿಕನ್ ಗಾರ್ಡ್ ಪಡೆ ಪಕ್ಷಾಂತರ ಮಾಡಿದ್ದರೆ ಸದ್ದಾಂ ಅಂದೇ ಮುಗಿಯುತ್ತಿದ್ದ. ಅದು ಹಾಗೆ ಮಾಡಲಿಲ್ಲ. ದಕ್ಷಿಣದ ಊರುಗಳಲ್ಲಿ ಬಾಥ್ ಪಕ್ಷದವರನ್ನೂ ಗುಪ್ತಚರರನ್ನೂ ಜನ ಬೀದಿಗೆಳೆದು ಕೊಲ್ಲುತ್ತಿದ್ದ ಸುದ್ದಿ ಅದಕ್ಕೂ ತಲುಪಿತ್ತು. ಸೇಡಿನ ಭಯ ಆ ಪಡೆಯನ್ನು ಸದ್ದಾಂನಿಗೆ ಇನ್ನಷ್ಟು ಬಿಗಿದುಕಟ್ಟಿತು.

1990ರಲ್ಲಿ ಕುವೈತನ್ನು ಆಕ್ರಮಿಸಿದ್ದಕ್ಕಾಗಿ ಇರಾಕಿನ ಮೇಲೆ ವಿಶ್ವಸಂಸ್ಥೆ ಹೇರಿದ ವ್ಯಾಪಾರ ದಿಗ್ಬಂಧನದಿಂದ ಸರ್ವಾಧಿಕಾರಿ ದುರ್ಬಲನಾಗುತ್ತಾನೆಂದು ಹಲವರು ಎಣಿಸಿದ್ದರು. ಆದದ್ದು ಬಹುಮಟ್ಟಿಗೆ ತಿರುಗುಮುರುಗು. 1990ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಡಿತರ ವ್ಯವಸ್ಥೆಯಲ್ಲಿ ಹಿಟ್ಟು, ಅಕ್ಕಿ, ಸಕ್ಕರೆ, ಚಹಾ, ಎಣ್ಣೆ ಎಲ್ಲವೂ ಸರ್ಕಾರದ ಚೀಟಿಯ ಮೇಲೆ ಬರುತ್ತಿದ್ದವು. ಯಾವ ಮನೆಯಲ್ಲಿ ಎಷ್ಟು ಬಾಯಿಗಳಿವೆ ಎಂಬುದು ಸರ್ಕಾರದ ದಫ್ತರಿನಲ್ಲಿತ್ತು. ಊಟಕ್ಕೇ ಸರ್ಕಾರದ ಕೈ ನೋಡಬೇಕಾದವನು ದಂಗೆಯ ಮಾತೆತ್ತುವುದು ಸುಲಭವಲ್ಲ. ಸೈನ್ಯ ಬಿಟ್ಟು ಓಡಿದವರ ಕಿವಿ ಕತ್ತರಿಸುವ ಶಿಕ್ಷೆಯನ್ನು 1994ರಲ್ಲಿ ಜಾರಿಗೆ ತಂದದ್ದು ಇದೇ ಕಾಲದಲ್ಲಿ.

ಹಾಗಾದರೆ ಇಂಥ ಆಳ್ವಿಕೆ ಒಳಗಿನಿಂದ ಬೀಳುವುದೇ ಇಲ್ಲವೇ? ಬೀಳುತ್ತದೆ, ಎಲ್ಲರ ಮನಸ್ಸಿನಲ್ಲಿರುವುದು ಎಲ್ಲರಿಗೂ ಒಮ್ಮೆಲೇ ತಿಳಿದುಬಿಟ್ಟಾಗ. 1989ರ ಡಿಸೆಂಬರ್ 21ರಂದು ರೊಮೇನಿಯಾದ ನಿಕೊಲಾಯ್ ಚೌಷೆಸ್ಕು ಬುಖಾರೆಸ್ಟಿನಲ್ಲಿ ತಾನೇ ಕರೆಸಿದ ಸಭೆಯನ್ನುದ್ದೇಶಿಸಿ ಮಾತಾಡುತ್ತಿದ್ದಾಗ ಜನ ಕೂಗಾಡತೊಡಗಿದರು. ಟೆಲಿವಿಷನ್ ಅದನ್ನು ನೇರವಾಗಿ ಬಿತ್ತರಿಸುತ್ತಿತ್ತು. ಅವನ ಗಲಿಬಿಲಿಗೊಂಡ ಮುಖವನ್ನು ಸೇನಾಧಿಕಾರಿಗಳೂ ಸೇರಿ ಇಡೀ ದೇಶ ನೋಡಿತು. ಮರುದಿನ ಸೈನ್ಯ ಬದಿ ಬದಲಿಸಿತು. ಡಿಸೆಂಬರ್ 25ರಂದು ಅವನನ್ನೂ ಅವನ ಹೆಂಡತಿಯನ್ನೂ ಗುಂಡಿಕ್ಕಿ ಕೊಲ್ಲಲಾಯಿತು. ಸದ್ದಾಂನ ಇರಾಕಿನಲ್ಲಿ ಅಂಥ ಗಳಿಗೆ ಬರಲೇ ಇಲ್ಲ. ಅವನನ್ನು ಇಳಿಸಿದ್ದು 2003ರಲ್ಲಿ ಬಂದ ವಿದೇಶಿ ಸೈನ್ಯ.

ಸಿರಿಯಾದಲ್ಲಿ ಆದದ್ದು ಇವೆರಡಕ್ಕಿಂತ ಬೇರೆ. ಹಫೀಜ್ ಅಲ್ ಅಸ್ಸಾದ್ 1970ರಲ್ಲಿ ಕ್ಷಿಪ್ರಕ್ರಾಂತಿಯಿಂದ ಬಂದು, ಸದ್ದಾಂನಂತೆಯೇ ಹಲವು ಗುಪ್ತಚರ ಸಂಸ್ಥೆಗಳನ್ನೂ ಸ್ವಜನರ ಪಡೆಗಳನ್ನೂ ಕಟ್ಟಿದ್ದ. ಮಗ ಬಷಾರ್ ಅದನ್ನೇ ಆಧರಿಸಿ ಹದಿಮೂರು ವರ್ಷದ ಅಂತರ್ಯುದ್ಧವನ್ನು ದಾಟಿಕೊಂಡು ಬಂದ. ಅಲ್ಲಿ ಯಾರೂ ಪಿತೂರಿ ಮಾಡಲಿಲ್ಲ. ಸಂಬಳ ಹೊಟ್ಟೆಗೆ ಸಾಲದೆ, ರಷ್ಯಾ ಮತ್ತು ಇರಾನಿನ ಆಸರೆಯೂ ಸಡಿಲವಾಗಿದ್ದಾಗ ಬಂಡುಕೋರರು ಮುನ್ನುಗ್ಗಿ ಬರಲು, ಸೈನಿಕರು ತಾವು ಬಂಡೇಳದೆ, ಸಮವಸ್ತ್ರ ಕಳಚಿಟ್ಟು ಮನೆಗೆ ನಡೆದರು. 2024ರ ಡಿಸೆಂಬರ್ 4ರಂದು ಬಷಾರ್ ಸೈನಿಕರ ಸಂಬಳವನ್ನು ಶೇಕಡಾ 50ರಷ್ಟು ಏರಿಸುವ ಆದೇಶ ಹೊರಡಿಸಿದ; ಡಿಸೆಂಬರ್ 8ರಂದು ದೇಶ ಬಿಟ್ಟು ರಷ್ಯಾಕ್ಕೆ ಓಡಿದ.