ಶರಣಬಸಪ್ಪ ಅಂದರೆ ‘ಸರೆಂಡರ್’ ಅಂತಾನಾ?

ಪ್ರಶ್ನೆ: ನನ್ನ ಹೆಸರು ಶರಣಬಸಪ್ಪ. ಊರು ಸೇಡಂ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಮೊನ್ನೆ ಆಫೀಸಿನಲ್ಲಿ ಒಬ್ಬರು, ‘ನಿಮ್ಮ ಹೆಸರಿನ ಅರ್ಥ ಸರೆಂಡರ್ ಆಗೋದು ಅಂತಾನಾ?’ ಎಂದು ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಈ ಹೆಸರು ಯಾಕಿಷ್ಟು ಜಾಸ್ತಿ? ಮಗನಿಗೆ ಬರೀ ‘ಶರಣ್’ ಅಂತ ಇಟ್ಟರೆ ಅರ್ಥ ಬದಲಾಗುತ್ತಾ?

ಉತ್ತರ: ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ‘ಪೊಲೀಸರಿಗೆ ಶರಣಾದ ಆರೋಪಿ’ ಅಂತ ದಿನಾ ಪೇಪರಿನಲ್ಲಿ ಓದುವವರಿಗೆ, ಶರಣ ಅಂದ ಕೂಡಲೇ ಕೈ ಎತ್ತಿ ನಿಂತವನೇ ಕಣ್ಣಿಗೆ ಬರುತ್ತಾನೆ. ನಿಮ್ಮ ಹೆಸರಿನಲ್ಲಿರುವ ಶರಣ ಅವನಲ್ಲ.

ಸಂಸ್ಕೃತದಲ್ಲಿ ‘ಶರಣ’ ಅಂದರೆ ಆಸರೆ, ರಕ್ಷಣೆ. ಮನೆ ಅನ್ನುವ ಅರ್ಥವೂ ಇದೆ. ಮಳೆ ಬಂದಾಗ ಓಡಿ ಹೋಗಿ ನಿಲ್ಲುತ್ತೇವಲ್ಲ, ಆ ಸೂರು. ‘ಬುದ್ಧಂ ಸರಣಂ ಗಚ್ಛಾಮಿ’ ಎನ್ನುವಾಗ ಸರಣ ಯಾರು? ಬುದ್ಧ. ಹೇಳುವವನಲ್ಲ. ವಚನಕಾರರ ಕನ್ನಡಕ್ಕೆ ಬರುವಾಗ ಈ ಪದ ತಿರುಗಿ ನಿಂತಿತು. ಆಸರೆ ಕೊಡುವವನನ್ನು ಬಿಟ್ಟು, ಆಸರೆ ಹಿಡಿದವನೇ ಶರಣ ಆದ. ಅದೂ ಸುಮ್ನೆ ಸಿಗುವ ಹೆಸರಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ, ಅಂದರೆ ಭಕ್ತ ದೇವರಲ್ಲಿ ಒಂದಾಗುವವರೆಗಿನ ಆರು ಮೆಟ್ಟಿಲುಗಳಲ್ಲಿ, ಅದು ಐದನೆಯದು. ಅಲ್ಲಿಂದ ಮುಂದೆ ಉಳಿಯುವುದು ಒಂದೇ ಮೆಟ್ಟಿಲು. ನಿಮ್ಮ ಆಫೀಸಿನವರಿಗೆ ಬೇಕಾದರೆ ಇಷ್ಟು ಹೇಳಿ: ಇದು ಸೋತವನ ಹೆಸರಲ್ಲ, ಹೆಚ್ಚುಕಡಿಮೆ ಗುರಿ ಮುಟ್ಟಿದವನ ಹೆಸರು.

ಈ ಪದದ ತೂಕ ಗೊತ್ತಾಗಬೇಕಾದರೆ ಹರಳಯ್ಯನ ಕಥೆ ಕೇಳಬೇಕು. ಕಲ್ಯಾಣದಲ್ಲಿ, ಅಂದರೆ ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣದಲ್ಲಿ, ಚಮ್ಮಾರ ಹರಳಯ್ಯ ದಾರಿಯಲ್ಲಿ ಸಿಕ್ಕ ಬಸವಣ್ಣನಿಗೆ ‘ಶರಣು’ ಎಂದನಂತೆ. ಮಂತ್ರಿಯಾಗಿದ್ದ ಬಸವಣ್ಣ ತಿರುಗಿ ‘ಶರಣು ಶರಣಾರ್ಥಿ’ ಎಂದ. ತಾನು ಒಂದು ಶರಣು ಕೊಟ್ಟರೆ ಎರಡು ಬಂತಲ್ಲ, ಈ ಸಾಲ ತೀರಿಸುವುದು ಹೇಗೆ ಅಂತ ಹರಳಯ್ಯನಿಗೆ ಚಿಂತೆ ಹತ್ತಿತು. ಗಂಡ ಹೆಂಡತಿ ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ, ಅಂದರೆ ಚರ್ಮದ ಪಾದರಕ್ಷೆ, ಹೊಲಿದರು. ನಡೆದದ್ದೋ ಕಟ್ಟಿದ್ದೋ, ನನಗೆ ಅದು ಮುಖ್ಯ ಅನಿಸುವುದಿಲ್ಲ. ಒಂದು ನಮಸ್ಕಾರದ ಲೆಕ್ಕವನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡ ಜನ ಇದ್ದರು ಅಂತ ನಂಬುವ ನಾಡು ಇದು. ಹರಳಯ್ಯನ ಗವಿ ಅಂತ ಬಸವಕಲ್ಯಾಣದಲ್ಲಿ ಈಗಲೂ ತೋರಿಸುತ್ತಾರೆ.

ಇನ್ನು ‘ಬಸವ’. ಇದು ಸಂಸ್ಕೃತದ ವೃಷಭ, ಅಂದರೆ ಎತ್ತು, ನಂದಿ. ಪ್ರಾಕೃತದ ದಾರಿ ಹಿಡಿದು ಬಂದು ಕನ್ನಡದಲ್ಲಿ ಬಸವ ಆಯಿತು. ವಸತಿ ಬಸದಿ ಆದದ್ದು, ವರ್ಣ ಬಣ್ಣ ಆದದ್ದು ಇದೇ ತರಹ. ‘ಅಪ್ಪ’ ಮಾತ್ರ ಅಚ್ಚ ಕನ್ನಡ. ಕಲಬುರಗಿಯಲ್ಲಿ ಅಪ್ಪ ಅಂದರೆ ತಂದೆ ಒಬ್ಬರೇ ಅಲ್ಲ. ಅಪ್ಪನ ಗುಡಿ, ಅಪ್ಪನ ಕೆರೆ ಅಂದರೆ ಅಲ್ಲಿನ ಯಾವ ಆಟೋದವರೂ ‘ಯಾವ ಅಪ್ಪ’ ಅಂತ ಕೇಳುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೂ ಆ ಅಪ್ಪನೇ, ಅಂದರೆ ಕಲಬುರಗಿಯ ಶರಣಬಸವೇಶ್ವರರೇ ಉತ್ತರ. ಅವರು ಬದುಕಿದ್ದು 1746ರಿಂದ 1822ರವರೆಗೆ. ಹುಟ್ಟಿದ್ದು ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಜೋಳ ತೆನೆ ಕಟ್ಟಿದಾಗ ಊರವರೆಲ್ಲ ಕವಣೆ ಬೀಸಿ ಹಕ್ಕಿ ಹೊಡೆಯುತ್ತಿದ್ದರೆ, ಇವರು ತಮ್ಮ ಹೊಲದಲ್ಲಿ ಹಕ್ಕಿಗಳಿಗೆ ನೀರಿಟ್ಟು ‘ತಿನ್ನಿ’ ಅಂತ ಬಿಟ್ಟಿದ್ದರಂತೆ. ರಾಶಿ ಮಾಡಿದಾಗ ಇವರ ಹೊಲದ್ದೇ ಜಾಸ್ತಿ ಬಂತು ಅಂತ ಇಲ್ಲಿನ ಅಜ್ಜಿಯರು ಹೇಳುತ್ತಾರೆ. ಆಮೇಲೆ ಕಲಬುರಗಿಗೆ ಬಂದು ದಾಸೋಹ ನಡೆಸಿದರು. ಹೋಳಿ ಹುಣ್ಣಿಮೆಯಾದ ಐದನೇ ದಿನ ಅವರ ತೇರು. ಮಕ್ಕಳಿಲ್ಲದವರು ಅಪ್ಪನಿಗೆ ಬೇಡಿಕೊಳ್ಳುತ್ತಾರೆ, ಗಂಡಾದರೆ ಶರಣಬಸಪ್ಪ, ಹೆಣ್ಣಾದರೆ ಶರಣಮ್ಮ. ಅಂದರೆ ನಿಮಗೆ ಇಟ್ಟದ್ದು ಅವರ ಹೆಸರು, ಅವರ ಹೆಸರಿನೊಳಗೆ ಇರುವುದು ಹನ್ನೆರಡನೇ ಶತಮಾನದ ಬಸವಣ್ಣ. ಶರಣಗೌಡ, ಶರಣಯ್ಯ, ಶಿವಶರಣಪ್ಪ ಎಲ್ಲ ಇದೇ ಬಳ್ಳಿಯ ಕಾಯಿಗಳು.

ಅದೇ ಊರಿನಲ್ಲಿ ಬಂದೇನವಾಜ್ ಅಂತಲೂ ಮಕ್ಕಳಿಗೆ ಹೆಸರಿಡುತ್ತಾರೆ, ಅಲ್ವಾ? 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇನವಾಜರ ಹೆಸರು ಅದು. ಬಂದಾ ಅಂದರೆ ಸೇವಕ. ಸೇವಕರ ಮೇಲೆ ದಯೆ ತೋರುವವರು ಬಂದೇನವಾಜ್. ಒಂದು ಹೆಸರು ಆಸರೆ ಹಿಡಿದವರದು, ಇನ್ನೊಂದು ಕೊಡುವವರದು. ಎರಡೂ ಒಂದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಸಿಗುತ್ತವೆ.

‘ಶರಣ್’ ಅಂತ ಇಟ್ಟರೆ ಅರ್ಥ ಕೆಡುವುದಿಲ್ಲ. ಬಸವನೂ ಅಪ್ಪನೂ ಬಿಟ್ಟು ಹೋಗುತ್ತಾರೆ, ಅಷ್ಟೇ. ಊರಿಗೆ ಹೋದರೆ ಅವನ ಅಜ್ಜಿ ಹೇಗೂ ‘ಏ ಶರಣ್ಯಾ’ ಅಂತಲೇ ಕೂಗುತ್ತಾಳೆ.

ನಾನು ಹೇಳುವುದು ಬೇರೆ: ಏನಿಟ್ಟರೂ ಎಲ್ಲ ಕಡೆ ಒಂದೇ ತರಹ ಬರೆಸಿ. ನಮ್ಮ ಕಾಕಾ ಪಹಣಿಯಲ್ಲಿ ‘ಶರಣಪ್ಪ ತಂದೆ ಬಸಪ್ಪ’, ರೇಷನ್ ಕಾರ್ಡಿನಲ್ಲಿ ಶರಣಬಸಪ್ಪ, ಆಧಾರಿನಲ್ಲಿ ಶರಣಬಸವ. ಬೆಳೆ ಸಾಲಕ್ಕೆ ಹೋದಾಗ ಮೂವರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಿ ಕೊಡಬೇಕಾಯಿತು. ನೋಟರಿ ಅದರಲ್ಲೂ ಒಂದು ‘ಬ’ ಬಿಟ್ಟಿದ್ದರು.