ವಂತಿಗೆ ಎತ್ತುವ ಮೊದಲು: ನೆರೆಹೊರೆಯ ಯೋಜನೆಗಳ ಕುರಿತು ಟಿಪ್ಪಣಿ

ಸಮುದಾಯ ಅಭಿವೃದ್ಧಿ ಓದಲು ಕೂತರೆ ‘ಜನರ ಸಹಭಾಗಿತ್ವ’ ಎಂಬ ಮಾತು ಪುಟಪುಟಕ್ಕೂ ಸಿಗುತ್ತದೆ. ಸಭೆಗೆ ಎಷ್ಟು ಜನ ಬಂದರು ಅನ್ನುವ ಲೆಕ್ಕವೇ ಸಹಭಾಗಿತ್ವ ಎಂದು ಮೊದಮೊದಲು ನಾನೂ ಅಂದುಕೊಂಡಿದ್ದೆ. ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಮುಂದಿಟ್ಟ ಸಹಭಾಗಿತ್ವದ ‘ಏಣಿ’ಯನ್ನು ಓದಿದ ಮೇಲೆ ಆ ತಿಳಿವಳಿಕೆ ಕಳಚಿತು. ಏಣಿಗೆ ಎಂಟು ಮೆಟ್ಟಿಲು. ಕೆಳಗಿನ ಎರಡರಲ್ಲಿ ಜನರನ್ನು ಒಪ್ಪಿಸುವ ಕೆಲಸವಷ್ಟೇ ನಡೆಯುತ್ತದೆ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಾಧಾನಕ್ಕೆಂದು ಒಬ್ಬಿಬ್ಬರನ್ನು ಸಮಿತಿಗೆ ಸೇರಿಸಿಕೊಳ್ಳುತ್ತಾರೆ. ತೀರ್ಮಾನ ನಿವಾಸಿಗಳ ಕೈಗೆ ಬರುವುದು ಮೇಲಿನ ಮೂರರಲ್ಲಿ ಮಾತ್ರ. ಮೆಟ್ಟಿಲುಗಳ ಹೆಸರು ಮರೆತರೂ ಪರವಾಗಿಲ್ಲ, ಈ ಪ್ರಶ್ನೆ ನೆನಪಿರಲಿ: ಹಣ ಎಲ್ಲಿಗೆ ಹೋಗಬೇಕೆಂದು ಕೊನೆಗೆ ಹೇಳುವವರು ಯಾರು?

ಕೆಲಸ ಹುಟ್ಟುವುದು ಎಲ್ಲಿಂದ

ಸಮುದಾಯ ಅಭಿವೃದ್ಧಿಯ ಅಧ್ಯಯನಕಾರರಾದ ಜಾನ್ ಕ್ರೆಟ್ಜ್‌ಮನ್ ಮತ್ತು ಜಾನ್ ಮೆಕ್‌ನೈಟ್ 1993ರಲ್ಲಿ ಒಂದು ದಾರಿ ತೋರಿಸಿದರು: ಊರಿನಲ್ಲಿ ಏನಿಲ್ಲ ಎಂದು ಪಟ್ಟಿ ಮಾಡುವುದಕ್ಕೆ ಮುಂಚೆ ಏನೇನಿದೆ ಎಂದು ಪಟ್ಟಿ ಮಾಡಿ. ಕೇಳಲು ಸುಲಭ, ಮಾಡಲು ಕಷ್ಟ. ಮನೆಗಳ ನಡುವೆ ಒಂದು ಖಾಲಿ ಜಾಗವಿದೆ ಎಂದುಕೊಳ್ಳಿ. ಕಸ ಬಿದ್ದಿದೆ, ಮಕ್ಕಳು ರಸ್ತೆಯಲ್ಲಿ ಆಡುತ್ತಾರೆ. ಸಭೆ ಕರೆದು ‘ನಿಮಗೇನು ಬೇಕು?’ ಎಂದರೆ ಉದ್ಯಾನ, ಜಿಮ್, ಗ್ರಂಥಾಲಯ ಎಂದು ಬೇಡಿಕೆಗಳ ಸಾಲು ಬೆಳೆಯುತ್ತದೆ. ಅರ್ಜಿ ಬರೆದು ಕಾಯುತ್ತಾ ಕೂರುತ್ತಾರೆ. ಅದೇ ಜನರನ್ನು ‘ಈ ಜಾಗಕ್ಕಾಗಿ ನೀವು ಒಂದು ಸಂಜೆ ಕೊಡುವುದಾದರೆ ಏನು ಮಾಡುತ್ತೀರಿ?’ ಎಂದು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ. ಒಬ್ಬರಿಗೆ ವೆಲ್ಡಿಂಗ್ ಬರುತ್ತದೆ. ನಿವೃತ್ತರೊಬ್ಬರು ನಕ್ಷೆ ಬರೆದುಕೊಡಬಲ್ಲರು. ಬೆಳಿಗ್ಗೆ ಬೇಗ ಏಳುವ ಅಜ್ಜಿಯೊಬ್ಬರು ಗಿಡಕ್ಕೆ ನೀರು ಹಾಕಲು ಸಿದ್ಧ. ಯೋಜನೆ ಚಿಕ್ಕದಾಗುತ್ತದೆ ನಿಜ, ಆದರೆ ಮುಂದಿನ ವಾರವೇ ಶುರುವಾಗುತ್ತದೆ. ನೆರವಿಗೆ ಹೋದವರ ಕೆಲಸ ಇಲ್ಲಿ ಕೇಳಿಸಿಕೊಳ್ಳುವುದು, ಬರೆದುಕೊಳ್ಳುವುದು, ಒಬ್ಬರಿಗೊಬ್ಬರನ್ನು ಪರಿಚಯಿಸುವುದು. ಅವರೇ ನಕ್ಷೆ ಹಿಡಿದು ಮುಂದೆ ನಿಂತರೆ ನಿವಾಸಿಗಳು ಮತ್ತೆ ಪ್ರೇಕ್ಷಕರಾಗಿಬಿಡುತ್ತಾರೆ.

ಎಷ್ಟು ಬಂತು, ಎಷ್ಟು ಮಂದಿ ಕೊಟ್ಟರು

ಹನಿಗೂಡಿದರೆ ಹಳ್ಳ ಅನ್ನುತ್ತೇವೆ. ಈ ವಿಷಯದಲ್ಲಿ ಹಳ್ಳದ ಆಳಕ್ಕಿಂತ ಹನಿಗಳ ಎಣಿಕೆ ಮುಖ್ಯ ಎಂಬುದು ನನ್ನ ದೃಢವಾದ ನಂಬಿಕೆ.

ಹಳೆಯ ಉದಾಹರಣೆ ನ್ಯೂಯಾರ್ಕಿನದು. ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದೆ ಹೋದಾಗ, 1885ರಲ್ಲಿ ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯ ಮೂಲಕ ವಂತಿಗೆ ಕೇಳಿದರು. ಎಷ್ಟೇ ಚಿಕ್ಕ ಮೊತ್ತವಾದರೂ ಕೊಟ್ಟವರ ಹೆಸರು ಅಚ್ಚಾಗುತ್ತದೆ ಎಂಬುದು ಅವರ ಮಾತು. ಸುಮಾರು ಐದು ತಿಂಗಳಲ್ಲಿ 1 ಲಕ್ಷ ಡಾಲರ್ ದಾಟಿತು. ಕೊಟ್ಟವರೂ 1 ಲಕ್ಷಕ್ಕಿಂತ ಹೆಚ್ಚು, ಅವರಲ್ಲಿ ಬಹುಪಾಲು ಮಂದಿ ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ರೋಟರ್‌ಡ್ಯಾಮಿನ ‘ಲುಖ್ಟ್‌ಸಿಂಗಲ್’ ಮರದ ಕಾಲುಸೇತುವೆಯದೂ ಇದೇ ಜಾಯಮಾನ. ದೇಣಿಗೆ ಕೊಟ್ಟವರ ಹೆಸರು ಅದರ ಹಲಗೆಗಳ ಮೇಲೇ ಕೊರೆದಿದ್ದರು. 2012ರಲ್ಲಿ ನಗರದ ಜನ ಮತ ಹಾಕಿ ಈ ಯೋಜನೆಗೆ ದೊಡ್ಡ ಸಾರ್ವಜನಿಕ ಅನುದಾನವನ್ನೂ ಗೆಲ್ಲಿಸಿಕೊಟ್ಟರು. ಸಣ್ಣ ದೇಣಿಗೆ ಇಡೀ ಸೇತುವೆ ಕಟ್ಟಲಿಲ್ಲ. ಜನ ಅದನ್ನು ಬಯಸಿದ್ದಾರೆ ಎಂದು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿತು.

ಇಲ್ಲಿಂದ ‘ಸಮಪಾಲು ಅನುದಾನ’ಕ್ಕೆ ಬರೋಣ. ನೀವು ಎತ್ತಿದಷ್ಟನ್ನು ಒಂದು ನಿಧಿ ಸೇರಿಸಿಕೊಡುವುದು ಇದರ ಕ್ರಮ. ಅರ್ಥಶಾಸ್ತ್ರಜ್ಞರಾದ ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಮಪಾಲು ಸಿಗುತ್ತದೆ ಎಂದು ತಿಳಿಸಿದಾಗ ಕೊಡುವವರ ಪ್ರಮಾಣ 22% ಏರಿತು. ಆದರೆ ಒಂದಕ್ಕೆ ಎರಡು, ಒಂದಕ್ಕೆ ಮೂರು ಸೇರಿಸುತ್ತೇವೆ ಎಂದಾಗ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಹಾಗಾಗಿ ನಿಧಿ ನಡೆಸುವವರು ಒಂದಕ್ಕೆ ಒಂದು ಎಂದೇ ಇಟ್ಟು, ಉಳಿದ ಹಣದಲ್ಲಿ ಇನ್ನೊಂದು ಕೇರಿಯ ಕೆಲಸಕ್ಕೆ ನೆರವಾಗುವುದು ಮೇಲು.

ಕೊಟ್ಟವರ ಎಣಿಕೆಗೇ ತೂಕ ಕೊಡುವ ಲೆಕ್ಕವೂ ಇದೆ. ವಿಟಾಲಿಕ್ ಬುಟೆರಿನ್, ಜೋಯಿ ಹಿಟ್ಜಿಗ್, ಗ್ಲೆನ್ ವೈಲ್ ಇದನ್ನು 2018ರಲ್ಲಿ ಮಂಡಿಸಿದರು. ಪ್ರತಿಯೊಬ್ಬರ ದೇಣಿಗೆಯ ವರ್ಗಮೂಲ ತೆಗೆದು, ಕೂಡಿಸಿ, ಆ ಮೊತ್ತದ ವರ್ಗ ಮಾಡಬೇಕು. ಯೋಜನೆಗೆ ಒಟ್ಟು ಸಿಗಬೇಕಾದದ್ದು ಅಷ್ಟು, ಅದರಲ್ಲಿ ಜನ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು ನಿಧಿ ಸೇರಿಸುತ್ತದೆ. ಕಾಗದ ತೆಗೆದುಕೊಂಡು ನೀವೂ ಮಾಡಿ ನೋಡಿ. ಒಂದು ಯೋಜನೆಗೆ ಒಬ್ಬರೇ 100 ಕೊಟ್ಟರು: ವರ್ಗಮೂಲ 10, ಅದರ ವರ್ಗ 100. ಇನ್ನೊಂದಕ್ಕೆ 25 ಮಂದಿ ತಲಾ 4 ಕೊಟ್ಟರು, ಒಟ್ಟು ಅದೇ 100. ವರ್ಗಮೂಲ ತಲಾ 2, ಕೂಡಿಸಿದರೆ 50, ಅದರ ವರ್ಗ 2,500. ಮೊದಲನೆಯದಕ್ಕೆ ನಿಧಿಯಿಂದ ಏನೂ ಸೇರುವುದಿಲ್ಲ, ಎರಡನೆಯದಕ್ಕೆ 2,400 ಸೇರಬೇಕು. ನಿಧಿಯಲ್ಲಿ ಅಷ್ಟು ಇಲ್ಲದಿದ್ದರೆ ಯೋಜನೆಗಳ ನಡುವೆ ಇದೇ ಅನುಪಾತದಲ್ಲಿ ಹಂಚುತ್ತಾರೆ. ಒಬ್ಬರೇ 25 ಹೆಸರಿನಲ್ಲಿ ಕೊಟ್ಟರೆ ಲೆಕ್ಕ ಕೆಡುತ್ತದೆ, ಇದು ಅದರ ದೊಡ್ಡ ದೌರ್ಬಲ್ಯ. ಮುಖಪರಿಚಯವಿರುವ ನೆರೆಹೊರೆಯಲ್ಲಿ ಆ ಮೋಸ ಹಿಡಿಯುವುದು ಸುಲಭ ಎಂದು ನನಗನ್ನಿಸುತ್ತದೆ.

ಸರ್ಕಾರದ ಹಣವನ್ನೇ ನಿವಾಸಿಗಳು ಹಂಚುವ ‘ಸಹಭಾಗಿ ಬಜೆಟ್’ ಬ್ರೆಜಿಲ್‌ನ ಪೋರ್ತೊ ಅಲೆಗ್ರೆಯಲ್ಲಿ 1989ರಲ್ಲಿ ಶುರುವಾಯಿತು. ಸೌಲಭ್ಯದ ಕೊರತೆ ಹೆಚ್ಚಿರುವ ಪ್ರದೇಶಕ್ಕೆ ಹೆಚ್ಚು ಪಾಲು ಎಂಬ ನಿಯಮ ಅಲ್ಲಿತ್ತು. ಇದನ್ನು ಗುರುತು ಹಾಕಿಕೊಳ್ಳಿ. ಬರೀ ದೇಣಿಗೆಯನ್ನು ನಂಬಿದರೆ ಉಳ್ಳವರ ಬೀದಿಯೇ ಮುಂದೆ ಓಡುತ್ತದೆ. ಬಿಡುವಿಲ್ಲದೆ ದುಡಿಯುವವರ ಬೀದಿಯಲ್ಲಿ ಶ್ರಮ, ಉಪಕರಣ, ಜಾಗ ಇವನ್ನೂ ವಂತಿಗೆಯೆಂದೇ ಬರೆದುಕೊಳ್ಳಬೇಕು.

ಲೆಕ್ಕ ಮತ್ತು ಬೀಗದ ಕೈ

ಗುರಿ ಮುಟ್ಟದಿದ್ದರೆ ಹಣ ವಾಪಸ್ ಎಂಬ ನಿಯಮವನ್ನು ಮೊದಲೇ ಹೇಳಿಬಿಡಿ, ಅರ್ಧ ಕಟ್ಟಿ ನಿಂತ ಗೋಡೆ ಮುಂದಿನ ಹತ್ತು ಯೋಜನೆಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ. ಬ್ಯಾಂಕ್ ಖಾತೆಗೆ ಎರಡು ಸಹಿ, ಪ್ರತಿ ರಸೀದಿ ಎಲ್ಲರಿಗೂ ಕಾಣುವಂತಿರಲಿ.

ಎಲಿನಾರ್ ಓಸ್ಟ್ರಮ್ ಅರ್ಥಶಾಸ್ತ್ರದ ನೊಬೆಲ್ ಪಡೆದದ್ದು 2009ರಲ್ಲಿ, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಹಂಚಿಕೊಂಡ ನೀರು, ಕಾಡು, ಹುಲ್ಲುಗಾವಲನ್ನು ಜನ ತಲೆಮಾರುಗಳವರೆಗೆ ಹೇಗೆ ಉಳಿಸಿಕೊಂಡರು ಎಂದು ಅವರು ಅಧ್ಯಯನ ಮಾಡಿದರು. ಉಳಿಸಿಕೊಂಡ ಕಡೆ ಅವರು ಕಂಡದ್ದು ಇದು: ಬಳಸುವವರೇ ನಿಯಮ ಮಾಡುತ್ತಾರೆ, ಬಳಸುವವರೇ ಕಾವಲಿರುತ್ತಾರೆ, ಮೊದಲ ತಪ್ಪಿಗೆ ಸಣ್ಣ ದಂಡ, ಮರುಕಳಿಸಿದರೆ ದೊಡ್ಡದು. ನಮ್ಮ ಖಾಲಿ ಜಾಗಕ್ಕೂ ಇದು ಹೊಂದುತ್ತದೆ. ಉದ್ಘಾಟನೆಯ ಮರುದಿನ ಬೀಗದ ಕೈ ಯಾರ ಬಳಿ? ಮುರಿದ ಜೋಕಾಲಿ ಸರಿಮಾಡುವವರು ಯಾರು?

ನಾನು ತಯಾರಿಸಿಕೊಂಡಿರುವ ವಂತಿಗೆ ಹಾಳೆಯಲ್ಲಿ ಮೂರು ಕಾಲಂ ಇವೆ. ಹೆಸರು, ಕೊಡುವುದೇನು, ಮುಂದಿನ ವರ್ಷ ಯಾವ ತಿಂಗಳು ನೋಡಿಕೊಳ್ಳುತ್ತೀರಿ. ಮೂರನೆಯ ಕಾಲಂನಲ್ಲಿ ಹನ್ನೆರಡು ತಿಂಗಳೂ ತುಂಬುವವರೆಗೆ ನೆಲ ಅಗೆಯುವುದು ಬೇಡ.